100 ರೂಪಾಯಿ ಕೂಪನ್ ಹಾಕಿದ್ರೆ 80 ರೂಪಾಯಿ ಜಾಸ್ತಿ ಖರ್ಚಾಗೋದು ಹೇಗೆ?

ತಿಂಗಳ ಮೊದಲ ವಾರ ಬಂತು ಅಂದ್ರೆ ಫೋನ್ ತುಂಬಾ ಕೂಪನ್. ‘799 ರೂಪಾಯಿ ಮೇಲೆ ತಗೊಂಡ್ರೆ 100 ರೂಪಾಯಿ ಆಫ್’. ಕುಶಾಲನಗರದಲ್ಲಿ ಇಬ್ರು ಮೂವರು ಸೇರಿ ರೂಮ್ ಮಾಡ್ಕೊಂಡು ದಿನಸಿ ಖರ್ಚು ಹಂಚ್ಕೊಳ್ಳೋರಿಗೆ 100 ರೂಪಾಯಿ ಸಣ್ಣದೇನಲ್ಲ. ಆದ್ರೆ ಅದು ನಿಜವಾಗ್ಲೂ ಉಳಿಯುತ್ತಾ?

ನಿಮ್ಮ ಚೀಟಿಯಲ್ಲಿರೋ ಅಕ್ಕಿ, ಬೇಳೆ, ಎಣ್ಣೆ ಎಲ್ಲ ಸೇರಿ 620 ರೂಪಾಯಿ ಅಂದ್ಕೊಳ್ಳಿ. 799 ಮುಟ್ಟಿಸ್ಬೇಕು ಅಂತ 180 ರೂಪಾಯಿಗೆ ಚಿಪ್ಸು, ಜ್ಯೂಸು ಸೇರಿಸ್ತೀರಿ. ಬಿಲ್ 800, ಕೂಪನ್ ಕಳೆದ್ರೆ 700. ‘ನೀವು 100 ರೂಪಾಯಿ ಉಳಿಸಿದ್ದೀರಿ’ ಅಂತ ಸ್ಕ್ರೀನ್ ಮೇಲೆ ಬರುತ್ತೆ. ಜೇಬಿಂದ ಹೋಗಿದ್ದು ಮಾತ್ರ 80 ಜಾಸ್ತಿ. ಡೆಲಿವರಿ, ಹ್ಯಾಂಡ್ಲಿಂಗ್ ಅಂತ ಹಾಕೋದು ಬೇರೆ.

ಹಾಗಂತ ಕೂಪನ್ ಬರೀ ಮೋಸ ಅಂತಲ್ಲ. ಅದೇ 180 ರೂಪಾಯಿಗೆ ಮುಂದಿನ ತಿಂಗಳು ಹೇಗೂ ಬೇಕಾಗೋ ಸೋಪು, ಟೂತ್‌ಪೇಸ್ಟ್, ಬಟ್ಟೆ ಪೌಡರ್ ಹಾಕಿದ್ರೆ ಆ 100 ಪೂರ್ತಿ ನಿಮ್ದೇ. ರವೆ, ಹಿಟ್ಟು ಮಾತ್ರ ಹಾಗೆ ತುಂಬಿಸಿಡ್ಬೇಡಿ. ಮಡಿಕೇರಿಯಷ್ಟು ಮಳೆ ನಮ್ಮಲ್ಲಿಲ್ಲ ನಿಜ, ಆದ್ರೂ ಜುಲೈನಲ್ಲಿ ಡಬ್ಬಿ ತೆಗೆದು ನೋಡಿದ್ರೆ ಹುಳ ಇರುತ್ತೆ.

ಇನ್ನೊಂದು ಸಣ್ಣ ಅಕ್ಷರದ್ದು. ‘20% ಆಫ್, ಗರಿಷ್ಠ 75 ರೂಪಾಯಿ’. ಬಿಲ್ 375 ದಾಟಿದ ಮೇಲೆ ಒಂದು ಪೈಸೆನೂ ಜಾಸ್ತಿ ಸಿಗಲ್ಲ. 1000 ರೂಪಾಯಿ ಬಿಲ್ಲಿಗೆ ಆ 20% ಅನ್ನೋದು ಏಳೂವರೆ ಪರ್ಸೆಂಟ್ ಅಷ್ಟೇ.

ಈಗ ಮುಖ್ಯ ವಿಷ್ಯ: ಯಾವುದಕ್ಕೆ ಹೋಲಿಸಿ ಕಮ್ಮಿ? ಕೂಪನ್ ಯಾವಾಗಲೂ ಎಂಆರ್‌ಪಿ ತೋರಿಸಿ ಮಾತಾಡುತ್ತೆ. ಆದ್ರೆ ಎಂಆರ್‌ಪಿ ಅಂದ್ರೆ ಅದಕ್ಕಿಂತ ಮೇಲೆ ಮಾರಬಾರದು ಅನ್ನೋ ಮಿತಿ. ಅದಕ್ಕಿಂತ ಕಮ್ಮಿಗೆ ಕೊಡೋ ಅಂಗಡಿ ಇದ್ದೇ ಇರುತ್ತೆ. ಉದಾಹರಣೆಗೆ, ಕೂಪನ್ ಹಾಕಿ ಅರ್ಧ ಕೆ.ಜಿ. ಬೇಳೆ ಪ್ಯಾಕೆಟ್ 95ಕ್ಕೆ ಸಿಕ್ತು ಅನ್ನಿ, ಕೆ.ಜಿ.ಗೆ 190 ಆಯ್ತು. ಪಕ್ಕದ ದಿನಸಿ ಅಂಗಡೀಲಿ ಲೂಸ್ ಬೇಳೆ 160 ಇದ್ರೆ? ಪ್ಯಾಕೆಟ್ ಮೇಲೆ ಎಂಆರ್‌ಪಿ ಹತ್ರಾನೇ ಗ್ರಾಂಗೆ ಎಷ್ಟು, ಮಿಲಿಲೀಟರ್‌ಗೆ ಎಷ್ಟು ಅನ್ನೋ ‘ಯುನಿಟ್ ಸೇಲ್ ಪ್ರೈಸ್’ ಹಾಕಿರ್ತಾರೆ. ಕಣ್ಣು ಅಲ್ಲಿಗೆ ಹೋಗ್ಲಿ. ತರಕಾರಿಗಂತೂ ಹೋಲಿಸಬೇಕಾದ್ದು ನಮ್ಮ ಮಂಗಳವಾರದ ಸಂತೆ ರೇಟ್ ಜೊತೆ. ಅಲ್ಲಿ ಕೂಪನ್ ಇಲ್ಲ, ಚೌಕಾಸಿ ಇದೆ.

‘ಇನ್ನು 4 ನಿಮಿಷದಲ್ಲಿ ಆಫರ್ ಮುಗಿಯುತ್ತೆ’ ಅಂತ ಗಡಿಯಾರ ಓಡಿಸ್ತಾರಲ್ಲ, ಆ ಅವಸರ ಸುಳ್ಳಾಗಿದ್ರೆ ಅದು ತಪ್ಪು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು 13 ಬಗೆಯ ‘ಡಾರ್ಕ್ ಪ್ಯಾಟರ್ನ್’ ಪಟ್ಟಿ ಮಾಡಿತು. ಸುಳ್ಳು ಅವಸರ, ನಿಮ್ಮನ್ನ ಕೇಳದೆ ಕಾರ್ಟ್‌ಗೆ ಏನಾದ್ರೂ ಸೇರಿಸೋದು, ಕೊನೇಲಿ ಚಾರ್ಜ್ ಹೊರತೆಗೆಯೋದು ಎಲ್ಲ ಅದರಲ್ಲಿದೆ. ಹೀಗಾದ್ರೆ ಸ್ಕ್ರೀನ್‌ಶಾಟ್ ಇಟ್ಕೊಂಡು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ವಾಟ್ಸ್ಆ್ಯಪ್‌ನಲ್ಲಿ ‘ದಿನಸಿ ಕ್ಯಾಶ್‌ಬ್ಯಾಕ್ ಬಂದಿದೆ, ಯುಪಿಐ ಪಿನ್ ಹಾಕಿ’ ಅಂತ ಲಿಂಕ್ ಬಂದ್ರೆ ಒತ್ತಲೇಬೇಡಿ. ದುಡ್ಡು ಬರೋದಕ್ಕೆ ಪಿನ್ ಬೇಕಾಗಲ್ಲ, ಹೋಗೋದಕ್ಕೆ ಮಾತ್ರ ಬೇಕು. ಒತ್ತಿ ದುಡ್ಡು ಹೋಗಿದ್ರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.