ಹೊನ್ನನ್ನರಸಿದ ನೆಲ್ಲಿ ಕ್ಯಾಷ್‌ಮನ್

ಚಿನ್ನವನ್ನರಸಿ ಅಜ್ಞಾತ ಪ್ರದೇಶಗಳಿಗೆ ಧಾವಿಸಿದವರ ಚರಿತ್ರೆಯಲ್ಲಿ ಸ್ತ್ರೀಯರ ಹೆಸರುಗಳು ವಿರಳ. ದೊರೆಯುವವೂ ಬಹುಮಟ್ಟಿಗೆ ಗಣಿಗಾರರಿಗೆ ಊಟವಸತಿಗಳನ್ನು ಒದಗಿಸಿದವರವು. ಐರ್ಲೆಂಡಿನ ಕಾರ್ಕ್ ಸೀಮೆಯಲ್ಲಿ 1845ರ ಸುಮಾರಿಗೆ ಜನಿಸಿ, ಎಳವೆಯಲ್ಲಿಯೇ ಅಮೆರಿಕವನ್ನು ಸೇರಿದ ನೆಲ್ಲಿ ಕ್ಯಾಷ್‌ಮನ್ ಊಟದ ಮನೆಗಳನ್ನು ನಡೆಸಿದ್ದುಂಟು, ಅಂಗಡಿಗಳನ್ನು ಇಟ್ಟದ್ದುಂಟು. ಆದರೆ ಅವೆಲ್ಲ ಆಕೆಗೆ ಮುಂದಿನ ಗಣಿಗೆ ಬಂಡವಾಳವನ್ನು ಕೂಡಿಸುವ ಉಪಾಯಗಳಾಗಿದ್ದುವೇ ಹೊರತು ಜೀವನದ ಗುರಿಯಾಗಿರಲಿಲ್ಲ. ಸುಮಾರು ಅರ್ಧ ಶತಮಾನ ಕಾಲ ಆಕೆ ಸ್ವತಃ ಗಣಿಗಾರಳಾಗಿಯೇ ಬಾಳಿದಳು.

1874ರಲ್ಲಿ ಆಕೆ ಕೆನಡಾದ ಪಶ್ಚಿಮ ಭಾಗದ ಕಾಸಿಯರ್ ಪ್ರದೇಶದಲ್ಲಿ ಚಿನ್ನ ಹುಡುಕುತ್ತಿದ್ದಳು. ಚಳಿಗಾಲಕ್ಕೆ ವಿಕ್ಟೋರಿಯಾ ನಗರಕ್ಕೆ ಇಳಿದು ಬಂದಾಗ, ಕಾಸಿಯರಿನಲ್ಲಿ ಉಳಿದ ಸಂಗಡಿಗರು ತಾಜಾ ಆಹಾರದ ಅಭಾವದಿಂದ ಸ್ಕರ್ವಿ ರೋಗಕ್ಕೆ ತುತ್ತಾಗಿರುವರೆಂಬ ವಾರ್ತೆ ಕಿವಿಗೆ ಬಿತ್ತು. ಆರು ಮಂದಿ ಆಳುಗಳನ್ನು ಗೊತ್ತುಮಾಡಿಕೊಂಡು, ಆಲೂಗಡ್ಡೆ, ನಿಂಬೆರಸ ಮೊದಲಾದ 1,500 ಪೌಂಡು ತೂಕದ ಸಾಮಗ್ರಿಯನ್ನು ಹೇರಿಕೊಂಡು, ಹೆಪ್ಪುಗಟ್ಟಿದ ಸ್ಟಿಕೀನ್ ನದಿಯ ಮೇಲೆ ಆಕೆ ಹೊರಟುಬಿಟ್ಟಳು. ಇದು ಹುಚ್ಚು ಸಾಹಸವೆಂದು ಬಗೆದ ಸೇನಾಧಿಕಾರಿಯೊಬ್ಬನು ಆಕೆಯನ್ನು ಮರಳಿ ಕರೆತರಲು ಸೈನಿಕರನ್ನಟ್ಟಿದನು. ಆಕೆ ಅವರಿಗೆ ಚಹಾ ಕುಡಿಸಿ, ಸಮಾಧಾನ ಹೇಳಿ, ಬಂದ ದಾರಿಯಲ್ಲಿಯೇ ಹಿಂದಿರುಗಿಸಿದಳು. 77 ದಿನಗಳ ಪಯಣದ ಅಂತ್ಯದಲ್ಲಿ ಆ ಆಹಾರವು ರೋಗಿಗಳನ್ನು ತಲುಪಿ ಅನೇಕರ ಪ್ರಾಣವನ್ನುಳಿಸಿತು.

1898ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಆಕೆ ಚಿಲ್ಕೂಟ್ ಕಣಿವೆದಾರಿಯನ್ನೇರಿ ಕೆನಡಾದ ಚಿನ್ನದ ಸೀಮೆಯಾದ ಕ್ಲಾಂಡೈಕಿನ ಡಾಸನ್ ನಗರವನ್ನು ಮುಟ್ಟಿದಳು. ವರ್ಷಕ್ಕಾಗುವಷ್ಟು ದಿನಸಿಯಿಲ್ಲದವರನ್ನು ಕೆನಡಾದ ಪೊಲೀಸರು ಗಡಿ ದಾಟಗೊಡುತ್ತಿರಲಿಲ್ಲವಾದ್ದರಿಂದ, ಜನರು ಅದೇ ಕಡಿದಾದ ಹಿಮದ ಏರನ್ನು ಹೊರೆಹೊತ್ತು ಮತ್ತೆ ಮತ್ತೆ ಹತ್ತಬೇಕಾಗಿತ್ತು. ಗಣಿಯ ಕೆಲಸವೂ ಅಷ್ಟೇ ಕಠಿನವಾಗಿತ್ತು. ಅಲ್ಲಿಯ ನೆಲ ವರ್ಷವಿಡೀ ಹೆಪ್ಪುಗಟ್ಟಿಯೇ ಇರುವುದರಿಂದ, ರಾತ್ರಿಯೆಲ್ಲ ಸೌದೆ ಉರಿಸಿ ಮಣ್ಣನ್ನು ಕರಗಿಸಿ, ಕರಗಿದಷ್ಟನ್ನು ಮಾತ್ರ ತೋಡಿ, ತಳಬಂಡೆ ಸಿಕ್ಕುವವರೆಗೂ ಇಳಿಯಬೇಕಾಗಿತ್ತು. ರಾಟೆಯಿಂದ ಮೇಲಕ್ಕೆತ್ತಿದ ಜಲ್ಲಿಯನ್ನು ರಾಶಿ ಹಾಕಿ, ವಸಂತದಲ್ಲಿ ನೀರು ಹರಿದಾಗ ಅಡ್ಡಪಟ್ಟಿಗಳನ್ನು ಬಡಿದ ಮರದ ಕಾಲುವೆಗಳಲ್ಲಿ ತೊಳೆಯಬೇಕಾಗಿತ್ತು. ನೀರಿಗಿಂತ 19 ಪಟ್ಟು ಭಾರವಾದ ಚಿನ್ನ ಪಟ್ಟಿಗಳ ಹಿಂದೆ ತಂಗುವುದು, ಮಣ್ಣು ಮರಳು ಕೊಚ್ಚಿಹೋಗುವುದು. ಹೀಗೆ ಒಂದೇ ಗಣಿಯಿಂದ ಲಕ್ಷ ಡಾಲರಿಗೂ ಮಿಕ್ಕಿ ಪಡೆದೆನೆಂದೂ, ಅದೆಲ್ಲವನ್ನೂ ಹೊಸ ಗಣಿಗಳನ್ನು ಕೊಳ್ಳುವುದರಲ್ಲಿ, ಹುಡುಕುವುದರಲ್ಲಿ ವ್ಯಯಮಾಡಿದೆನೆಂದೂ ಆಕೆಯೇ ಹೇಳಿಕೊಂಡಿದ್ದಳು.

ಇತರ ಸಂಪಾದನೆ ಆಸ್ಪತ್ರೆಗಳಿಗೆ, ಇಗರ್ಜಿಗಳಿಗೆ, ತಂಗಿ ತೀರಿಕೊಂಡ ಮೇಲೆ ತಾನು ಸಾಕಿದ ಐವರು ಮಕ್ಕಳಿಗೆ ಸಂದಿತು. ಎಪ್ಪತ್ತು ವರ್ಷ ದಾಟಿದ ಮೇಲೂ ಅಲಾಸ್ಕದ ಉತ್ತರ ಧ್ರುವವೃತ್ತದಾಚೆ, ಕೊಯುಕುಕ್ ಪ್ರದೇಶದ ನೋಲನ್ ಹಳ್ಳದಲ್ಲಿ ಆಕೆಯ ಅಗೆತ ನಿಲ್ಲಲಿಲ್ಲ. 1925ರ ಜನವರಿಯಲ್ಲಿ ವಿಕ್ಟೋರಿಯಾದ ಸೇಂಟ್ ಜೋಸೆಫ್ ಆಸ್ಪತ್ರೆಯಲ್ಲಿ ಆಕೆ ನಿಧನಹೊಂದಿದಳು. ಅದರ ನಿರ್ಮಾಣಕ್ಕೆ ಅರ್ಧ ಶತಮಾನದ ಹಿಂದೆ ಗಣಿಗಾರರಿಂದ ಚಂದಾ ಎತ್ತಿಕೊಟ್ಟವಳು ಆಕೆಯೇ.

ಜನರು ಆಕೆಯನ್ನು ಕಾಸಿಯರಿನ ದೇವತೆಯೆಂದು ಕೊಂಡಾಡಿದರು. ಆ ಪ್ರಶಂಸೆ ಯಥಾರ್ಥವೇ; ಆದರೆ ಕರುಣೆಯನ್ನು ಮಾತ್ರ ಸ್ಮರಿಸಿ ಕಸುಬನ್ನು ಮರೆಯುವುದು ಆಕೆಗೆ ಎಸಗುವ ಅನ್ಯಾಯ. ಹಿಮವನ್ನೂ ಹಾದಿಯನ್ನೂ ಬಲ್ಲ ಗಣಿಗಾರಳಾಗಿದ್ದುದರಿಂದಲೇ ಆಕೆ ಸಾಯುತ್ತಿದ್ದವರ ಬಳಿಗೆ ಹೋಗಿ ಮುಟ್ಟಬಲ್ಲವಳಾದಳು. ಆ ದಯೆಗೆ ಬಲವಿತ್ತದ್ದು ಆಕೆಯ ವೃತ್ತಿಯ ನೈಪುಣ್ಯ.