ಸೆಣಬಿನಿಂದ ಸಿದ್ಧ ಉಡುಪಿಗೆ

ರಾಗಿ, ಭತ್ತ ತುಂಬುವ ಗೋಣಿಚೀಲವನ್ನು ಕಾಣದವರು ನಮ್ಮಲ್ಲಿ ವಿರಳ. ಅದರ ನಾರು ಸೆಣಬು; ಸೆಣಬಿನ ತವರು ಬಂಗಾಳ. ಈ ಒಂದು ನಾರಿನ ಕಥೆಯನ್ನು ಹಿಡಿದೇ ಬಾಂಗ್ಲಾದೇಶದ ಅರ್ಥವ್ಯವಸ್ಥೆಯ ಹಿನ್ನೆಲೆಯನ್ನು ನಾನು ಇಂದು ವಿವರಿಸಬಯಸುತ್ತೇನೆ.

ಗಂಗೆ, ಬ್ರಹ್ಮಪುತ್ರ, ಮೇಘನಾ ನದಿಗಳು ಹರಡಿದ ಮೆಕ್ಕಲು ಮಣ್ಣಿನ ನಾಡು ಅದು. ಅಲ್ಲಿ ನೆರೆಯೆಂಬುದು ವಿಪತ್ತೂ ಹೌದು, ಹೊಲಕ್ಕೆ ಸಾರವೂ ಹೌದು. ಸೆಣಬು ಹುಲುಸಾಗಿ ಬೆಳೆಯಿತು. ಆದರೆ ಬ್ರಿಟಿಷರ ಕಾಲದ ಗಿರಣಿಗಳು ಕಲ್ಕತ್ತೆಯ ಸುತ್ತ, ಹೂಗ್ಲಿಯ ದಂಡೆಯಲ್ಲಿ ಎದ್ದವು. 1947ರಲ್ಲಿ ಗಡಿ ಎಳೆದಾಗ ಹೊಲಗಳು ಬಹುಮಟ್ಟಿಗೆ ಪೂರ್ವಕ್ಕೆ, ಗಿರಣಿಗಳು ಪಶ್ಚಿಮಕ್ಕೆ ಸೇರಿದವು. ಮುಂದೆ ನಾರಾಯಣಗಂಜ್‌ನಲ್ಲಿ ಆದಮ್‌ಜಿ ಗಿರಣಿಯಂಥವು ಸ್ಥಾಪನೆಯಾದರೂ, ಸೆಣಬು ಗಳಿಸಿದ ವಿದೇಶಿ ಹಣ ಪಶ್ಚಿಮ ಪಾಕಿಸ್ತಾನದ ಏಳಿಗೆಗೆ ಹರಿಯುತ್ತಿದೆಯೆಂಬ ಅಸಮಾಧಾನ ಬಂಗಾಳಿಗಳಲ್ಲಿ ಬೇರೂರಿತು. 1971ರ ವಿಮೋಚನೆಯ ಹಿಂದೆ ಭಾಷಾಭಿಮಾನದೊಡನೆ ಈ ಲೆಕ್ಕವೂ ಇತ್ತು.

ಹೊಸ ರಾಷ್ಟ್ರಕ್ಕೆ 1970ರ ಚಂಡಮಾರುತ, ಮರುವರ್ಷದ ಯುದ್ಧ ಇವುಗಳ ಗಾಯ ಮಾಯುವ ಮೊದಲೇ 1974ರ ಕ್ಷಾಮ ಎರಗಿತು. ಅದನ್ನು ಅಭ್ಯಸಿಸಿದ ಅಮರ್ತ್ಯ ಸೇನ್ ಅವರು ತೋರಿಸಿಕೊಟ್ಟ ಸಂಗತಿ ಮನನೀಯವಾದುದು. 1971ರಿಂದ 1975ರವರೆಗಿನ ಅವಧಿಯಲ್ಲಿ ತಲಾ ಆಹಾರಧಾನ್ಯ ಹೆಚ್ಚು ಲಭ್ಯವಿದ್ದುದು ಕ್ಷಾಮದ ಆ ವರ್ಷದಲ್ಲಿಯೇ! ನೆರೆಯಿಂದ ಕೂಲಿ ತಪ್ಪಿತ್ತು, ಅಕ್ಕಿಯ ಬೆಲೆ ಏರಿತ್ತು. ಧಾನ್ಯವಿದ್ದರೂ ಅದನ್ನು ಕೊಳ್ಳುವ ಶಕ್ತಿ ಬಡವರಿಗೆ ಉಳಿದಿರಲಿಲ್ಲ.

ಕಾಲಕ್ರಮದಲ್ಲಿ ಸೆಣಬಿನ ಮಾರುಕಟ್ಟೆಯನ್ನು ಪ್ಲಾಸ್ಟಿಕ್ ಕಬಳಿಸಿತು. ಆದಮ್‌ಜಿ ಗಿರಣಿ 2002ರಲ್ಲಿ ಮುಚ್ಚಿತು. ಅಷ್ಟರಲ್ಲಿ ಸಿದ್ಧ ಉಡುಪಿನ ಉದ್ಯಮ ನೆಲೆಯೂರಿತ್ತು. 1970ರ ದಶಕದ ಕೊನೆಗೆ ದೇಶ್ ಗಾರ್ಮೆಂಟ್ಸ್ ಸಂಸ್ಥೆ ದಕ್ಷಿಣ ಕೊರಿಯಾದ ಡೇವೂ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು, ನೂರಕ್ಕೂ ಹೆಚ್ಚು ಮಂದಿಯನ್ನು ತರಬೇತಿಗೆ ಅಲ್ಲಿಗೆ ಕಳುಹಿಸಿತು. ಕೊರಿಯಾದ ಉಡುಪಿನ ಆಮದಿಗೆ ಶ್ರೀಮಂತ ರಾಷ್ಟ್ರಗಳು ಮಿತಿ ಹಾಕಿದ್ದವು. ಬಾಂಗ್ಲಾದೇಶಕ್ಕೆ ಆಗ ಆ ಕಟ್ಟು ಇರಲಿಲ್ಲ. ಕೊರಿಯಾದವರು ಕೈಜೋಡಿಸಿದ್ದರ ಗುಟ್ಟು ಇದೇ. ಕಲಿತು ಬಂದವರಲ್ಲಿ ಹಲವರು ತಾವೇ ಉದ್ಯಮಿಗಳಾದರು. ಇಂದು ರಫ್ತಿನ ಆದಾಯದಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ಉಡುಪಿನದು. ಹಳ್ಳಿಗಳಿಂದ ಬಂದ ಲಕ್ಷಾಂತರ ಹೆಣ್ಣುಮಕ್ಕಳು ಸ್ವಂತ ಸಂಪಾದನೆಯನ್ನು ಕಂಡದ್ದು ಈ ಕಾರ್ಖಾನೆಗಳಲ್ಲಿ.

ಆದರೆ 2013ರ ಏಪ್ರಿಲ್ 24ರಂದು ಢಾಕಾ ಬಳಿಯ ಸಾವರ್‌ನಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಮಡಿದರು. ಹಿಂದಿನ ದಿನವೇ ಬಿರುಕು ಕಂಡಿತ್ತು. ಅಲ್ಲಿದ್ದ ಬ್ಯಾಂಕು ತನ್ನ ನೌಕರರನ್ನು ಹೊರಗೆ ಕಳುಹಿಸಿತು. ಹೊಲಿಗೆಯವರನ್ನು ಮಾತ್ರ ಮರುದಿನ ಕೆಲಸಕ್ಕೆ ಕರೆಸಲಾಯಿತು. ಅನಂತರವಷ್ಟೇ ವಿದೇಶಿ ಕಂಪನಿಗಳೂ ಕಾರ್ಮಿಕ ಸಂಘಗಳೂ ಕೂಡಿ ಕಟ್ಟಡಗಳ ಸುರಕ್ಷತೆಗೆ ಒಪ್ಪಂದ ಮಾಡಿಕೊಂಡವು.

ಬಾಂಗ್ಲಾದೇಶ ಬೆಳೆದಿದೆ, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಸಂಪತ್ತು ಹೆಚ್ಚುವುದು ಬೇರೆ, ಅದು ದುಡಿದವರ ಕೈಸೇರುವುದು ಬೇರೆ. ಅಂದು ಸೆಣಬು ಬೆಳೆದ ರೈತನೂ ಇಂದು ಅಂಗಿ ಹೊಲಿಯುವ ಹೆಣ್ಣುಮಗಳೂ ಕೇಳುವುದು ಈ ಎರಡನೆಯದನ್ನೇ.