ಏಜೆಂಟ್ ಚುರುಕು, ಚುಕ್ಕಾಣಿ ಮಾಲೀಕನದು

ಹುಡುಕುವ, ತೂಗುವ, ನಮ್ಮ ಪರವಾಗಿ ಹೆಜ್ಜೆ ಇಡುವ ಸಾಫ್ಟ್‌ವೇರ್ ಏಜೆಂಟ್‌ಗಳ ಕಾಲ ಬಂದಿದೆ. ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ದಕ್ಕುವ ಈ ಬಲ ದೊಡ್ಡಬಳ್ಳಾಪುರದ ಮಗ್ಗದ ಮನೆಗೂ ದಕ್ಕಬೇಕು. ಗುರಿ ಬರೆಯುವ ಕೈ ಮಾತ್ರ ಮನುಷ್ಯನದೇ ಆಗಿರಬೇಕು.

ದೊಡ್ಡಬಳ್ಳಾಪುರದ ಸುತ್ತಿನ ಪಾಲಿಹೌಸ್‌ಗಳಲ್ಲಿ ನಸುಕಿಗೆ ಕೊಯ್ದ ಡಚ್ ರೋಸ್‌ಗೆ ಎರಡು ದಾರಿಗಳಿವೆ. ಒಂದು, ಹೆಬ್ಬಾಳದ ಅಂತರರಾಷ್ಟ್ರೀಯ ಹೂ ಹರಾಜು ಕೇಂದ್ರ. ಇನ್ನೊಂದು, ದೇವನಹಳ್ಳಿಯ ಕಾರ್ಗೋ ಟರ್ಮಿನಲ್ ಹಾಯ್ದು ಹೊರದೇಶ. ಯಾವುದು ಲಾಭ? ಉತ್ತರ ಒಂದೇ ಕಡೆ ಸಿಗುವುದಿಲ್ಲ. ನಿನ್ನೆಯ ಹರಾಜಿನ ದರ ಒಂದೆಡೆ, ವಿಮಾನದಲ್ಲಿ ಉಳಿದಿರುವ ಜಾಗ ಇನ್ನೊಂದೆಡೆ, ಶೀತಲ ವಾಹನದ ಬಾಡಿಗೆ ಯಾರದೋ ಫೋನಿನಲ್ಲಿ, ಕೊಳ್ಳುವವರ ಬೇಡಿಕೆ ವಾಟ್ಸ್‌ಆ್ಯಪ್‌ನಲ್ಲಿ. ಎಲ್ಲ ಕೂಡಿಸಿ ನೋಡುವಷ್ಟರಲ್ಲಿ ಮೊಗ್ಗು ಬಿರಿದಿರುತ್ತದೆ. ಬಿರಿದ ಹೂವನ್ನು ರಫ್ತಿನವರು ಮುಟ್ಟುವುದಿಲ್ಲ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಬಹುಪಾಲು ಸಣ್ಣ ಉದ್ದಿಮೆಗಳ ಕಷ್ಟವೂ ಇದೇ. ಮಾಹಿತಿಗೆ ಬರವಿಲ್ಲ, ಅದು ಹೊತ್ತಿಗೆ ಸರಿಯಾಗಿ ಕೂಡಿ ಬರುವುದಿಲ್ಲ. ಬುದ್ಧಿಯುಳ್ಳ ಸಾಫ್ಟ್‌ವೇರ್ ಏಜೆಂಟ್ ನೆರವಿಗೆ ಬರುವುದು ಇಲ್ಲಿಯೇ.

ಕೇಳುವ ಮೊದಲೇ ಹೇಳುವ ಸಾಫ್ಟ್‌ವೇರ್

ಲೆಕ್ಕಪತ್ರದ ಮಾಮೂಲಿ ಸಾಫ್ಟ್‌ವೇರ್ ಕೇಳಿದ್ದನ್ನು ತೋರಿಸಿ ಸುಮ್ಮನಾಗುತ್ತದೆ. ಏಜೆಂಟ್ ಹಾಗಲ್ಲ. 1995ರಲ್ಲಿ ಮೈಕೆಲ್ ವುಲ್ಡ್‌ರಿಡ್ಜ್ ಮತ್ತು ನಿಕೋಲಸ್ ಜೆನ್ನಿಂಗ್ಸ್ ಎಂಬ ಸಂಶೋಧಕರು ಅದಕ್ಕೆ ನಾಲ್ಕು ಲಕ್ಷಣಗಳನ್ನು ಗುರುತಿಸಿದರು: ತಾನೇ ಕೆಲಸ ನಡೆಸುವುದು, ಬೇರೆ ಏಜೆಂಟ್‌ಗಳೊಡನೆ ಮತ್ತು ಮನುಷ್ಯರೊಡನೆ ವ್ಯವಹರಿಸುವುದು, ಸುತ್ತಲಿನ ಬದಲಾವಣೆಗೆ ಸ್ಪಂದಿಸುವುದು, ಗುರಿಯತ್ತ ತಾನಾಗಿ ಮುಂದಡಿ ಇಡುವುದು. ಈಚಿನ ವರ್ಷಗಳಲ್ಲಿ ಭಾಷಾ ಮಾದರಿಗಳು ಬಂದ ಮೇಲೆ ಏಜೆಂಟ್‌ಗಳು ನಮ್ಮ ಮಾತನ್ನು ಗ್ರಹಿಸುತ್ತವೆ, ಬಿಲ್ಲು ಓದುತ್ತವೆ, ಪತ್ರ ಬರೆಯುತ್ತವೆ. ಆ ನಾಲ್ಕು ಲಕ್ಷಣಗಳು ಇಂದಿಗೂ ಹಾಗೆಯೇ ಇವೆ.

ಉದ್ದಿಮೆಯಲ್ಲಿ ಏಜೆಂಟ್‌ಗಳ ಪ್ರಯೋಗವೂ ಹೊಸದಲ್ಲ. ಅಮೆರಿಕದ ಫೋರ್ಟ್ ವೇನ್‌ನಲ್ಲಿರುವ ಜನರಲ್ ಮೋಟರ್ಸ್ ಟ್ರಕ್ ಕಾರ್ಖಾನೆ 1990ರ ದಶಕದಲ್ಲಿ ಪ್ರತಿ ಬಣ್ಣದ ಕೊಠಡಿಗೂ ಒಂದು ಏಜೆಂಟ್ ಇಟ್ಟಿತು. ಹೊಸ ಟ್ರಕ್ ಬಂದೊಡನೆ ಕೊಠಡಿಗಳು ಹರಾಜು ಕೂಗುತ್ತಿದ್ದವು. ಅದಕ್ಕೆ ಬೇಕಾದ ಬಣ್ಣ ಮೊದಲೇ ತುಂಬಿಕೊಂಡು ಬಿಡುವಾಗಿರುವ ಕೊಠಡಿಗೆ ಟ್ರಕ್ ಹೋಗುತ್ತಿತ್ತು. ಬಣ್ಣ ಬದಲಿಸುವ ಕೆಲಸ ಕಡಿಮೆಯಾಗಿ ವರ್ಷಕ್ಕೆ 10 ಲಕ್ಷ ಡಾಲರ್‌ಗೂ ಹೆಚ್ಚು ಉಳಿಯಿತು. 1998ರಿಂದ ವೋಲ್ವೊ ಟ್ರಕ್‌ಗಳನ್ನು ಕಟ್ಟುತ್ತಿರುವ ಹೊಸಕೋಟೆಗೆ ಈ ಕಥೆ ದೂರದ್ದೆನಿಸದು.

ಅಮೆರಿಕದ ಸೌತ್‌ವೆಸ್ಟ್ ಏರ್‌ಲೈನ್ಸ್‌ನ ಅನುಭವ ಇನ್ನೂ ಮಾರ್ಮಿಕ. ಸರಕನ್ನು ಸರಿಯಾದ ದಿಕ್ಕಿಗೆ ಹೊರಡುವ ಮೊದಲ ವಿಮಾನಕ್ಕೆ ಏರಿಸಬೇಕೆಂಬುದು ಅಲ್ಲಿನ ಸಿಬ್ಬಂದಿಯ ರೂಢಿಯಾಗಿತ್ತು. ಏಜೆಂಟ್‌ಗಳನ್ನು ಬಳಸಿ ಕಂಪ್ಯೂಟರಿನಲ್ಲಿ ಇಡೀ ಸರಕು ಸಾಗಣೆಯನ್ನು ಅನುಕರಿಸಿ ನೋಡಿದಾಗ ಬೇರೆಯದೇ ಹೊಳೆಯಿತು. ಕೆಲವೊಮ್ಮೆ ಸುತ್ತು ದಾರಿಯ ವಿಮಾನದಲ್ಲೇ ಸರಕನ್ನು ಬಿಡುವುದು ಮೇಲು. ಹೀಗೆ ಮಾಡಿದ್ದರಿಂದ ಅತಿ ಹೆಚ್ಚು ದಟ್ಟಣೆಯ ನಿಲ್ದಾಣಗಳಲ್ಲಿ ಸರಕು ಇಳಿಸಿ ಏರಿಸುವ ಕೆಲಸ ಶೇ 80ರವರೆಗೆ ತಗ್ಗಿತು. ವರ್ಷಗಳ ರೂಢಿಯನ್ನು ಪ್ರಶ್ನಿಸುವ ಧೈರ್ಯ ಕೊಡುವುದು ಏಜೆಂಟ್‌ಗಳಿಂದ ಕಾರ್ಯತಂತ್ರಕ್ಕೆ ಸಿಗುವ ನಿಜವಾದ ನೆರವು.

ದೇವನಹಳ್ಳಿಯ ಪ್ರಮಾಣ

2008ರ ಮೇ ತಿಂಗಳಲ್ಲಿ ಆರಂಭವಾದ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ 2024–25ರಲ್ಲಿ 4.1 ಕೋಟಿಗೂ ಹೆಚ್ಚು ಪ್ರಯಾಣಿಕರನ್ನು, 5 ಲಕ್ಷ ಟನ್‌ನಷ್ಟು ಸರಕನ್ನು ನಿಭಾಯಿಸಿತು. 2022ರ ಡಿಸೆಂಬರ್ 1ರಂದು ಮುಖಚಹರೆಯಿಂದಲೇ ಒಳಬಿಡುವ ಡಿಜಿಯಾತ್ರಾ ಜಾರಿಗೆ ಬಂದ ಮೊದಲ ಮೂರು ನಿಲ್ದಾಣಗಳಲ್ಲಿ ಇದೂ ಒಂದು. ಒಂದು ವಿಮಾನ ತಡವಾದರೆ ನಿಲುಗಡೆ, ಲಗೇಜ್ ಬೆಲ್ಟ್, ಇಂಧನ, ಸಿಬ್ಬಂದಿಯ ಪಾಳಿ, ಸರಕಿನ ಶೀತಲ ಕೊಠಡಿ ಎಲ್ಲವೂ ಕದಲುತ್ತವೆ. ಇಂಥ ಕಡೆ ಪ್ರತಿ ವಿಭಾಗದ ಪರವಾಗಿ ಒಂದೊಂದು ಏಜೆಂಟ್ ಮಾತಾಡಿಕೊಂಡು ಯೋಜನೆಯನ್ನು ಮತ್ತೆ ಹೊಂದಿಸಿಕೊಳ್ಳುವುದು ಫಲ ಕೊಡುವ ವಿಧಾನ. ನೆಲಮಂಗಲದ ಹೆದ್ದಾರಿ ಕೂಡಿನ ಗೋದಾಮುಗಳಿಗೂ, ದೇವನಹಳ್ಳಿ ಬಳಿ ಐಫೋನ್ ಜೋಡಿಸುವ ಫಾಕ್ಸ್‌ಕಾನ್‌ನಂಥ ಕಾರ್ಖಾನೆಗಳ ಪೂರೈಕೆ ಸರಣಿಗೂ ಇದೇ ಮಾತು ಸಲ್ಲುತ್ತದೆ.

ದೊಡ್ಡವರು ತಮ್ಮ ದಾರಿ ತಾವೇ ಕಂಡುಕೊಳ್ಳುತ್ತಾರೆ. ನನಗೆ ಮುಖ್ಯವೆನಿಸುವುದು ಅವರ ಬೇಲಿಯಾಚೆಗಿನ ಸಣ್ಣವರು.

ಮಗ್ಗದ ಮನೆಯ ಪ್ರಶ್ನೆ

ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳ ನೇಕಾರರು ಸೂರತ್‌ನ ಅಗ್ಗದ ಸೀರೆಗಳೊಡನೆ ಸೆಣಸುತ್ತಿದ್ದಾರೆ. ಹತ್ತು ಮಗ್ಗಗಳ ಮಾಲೀಕರೊಬ್ಬರನ್ನು ಊಹಿಸಿಕೊಳ್ಳಿ. ದೇವನಹಳ್ಳಿ ತಾಲ್ಲೂಕಿನ ವಿಜಯಪುರ, ಶಿಡ್ಲಘಟ್ಟ, ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗಳ ದರವನ್ನು ಒಂದು ಏಜೆಂಟ್ ದಿನವೂ ಗಮನಿಸಿ, ರೇಷ್ಮೆ ನೂಲಿನ ಬೆಲೆ ಏರುವ ಸೂಚನೆ ಕೊಡಬಹುದು. ಇನ್ನೊಂದು, ಬಾಕಿ ಉಳಿಸಿಕೊಂಡ ವರ್ತಕರಿಗೆ ಕನ್ನಡದಲ್ಲೇ ನೆನಪಿನ ಸಂದೇಶ ಕಳಿಸಬಹುದು. ಮತ್ತೊಂದು, ಯಾವ ಬಣ್ಣ, ಯಾವ ಅಂಚು ಬೇಗ ಮಾರಾಟವಾಯಿತು, ಯಾವುದು ಕಪಾಟಿನಲ್ಲೇ ಕೂತಿತು ಎಂದು ಲೆಕ್ಕ ಇಡಬಹುದು.

ಅಷ್ಟಾದ ಮೇಲೆ ದೊಡ್ಡ ಪ್ರಶ್ನೆ ಬರುತ್ತದೆ. ಹೆಚ್ಚಾಗಿ ಕೃತಕ ರೇಷ್ಮೆಯನ್ನೇ ನಂಬಿ ಸಾಲದ ಮೇಲೆ ಮಾರುತ್ತಿರಬೇಕೆ, ನಾಲ್ಕು ಮಗ್ಗಗಳನ್ನಾದರೂ ಶುದ್ಧ ರೇಷ್ಮೆಗೆ ತಿರುಗಿಸಿ ಸ್ವಂತ ಹೆಸರಿನಲ್ಲಿ ಮಾರಬೇಕೆ? ಮದುವೆಯ ಹಂಗಾಮು ಸಪ್ಪೆಯಾದರೆ, ನೂಲು ದುಬಾರಿಯಾದರೆ, ವರ್ತಕ ಕೈಬಿಟ್ಟರೆ ಏನಾದೀತು ಎಂಬ ಹತ್ತಾರು ಸನ್ನಿವೇಶಗಳನ್ನು ಏಜೆಂಟ್ ಲೆಕ್ಕ ಹಾಕಿ ಮುಂದಿಡಬಲ್ಲದು. ಆದರೆ ಮಗ್ಗದಲ್ಲಿ ದುಡಿಯುವವರಿಗೆ ವರ್ಷವಿಡೀ ಕೆಲಸ ಕೊಡಬೇಕೆಂಬುದು ಆ ಮನೆಯ ಆಸೆಯೋ, ಹೆಚ್ಚಿನ ಲಾಭವೋ ಎಂಬುದು ಯಾವ ಕಂಪ್ಯೂಟರಿನಲ್ಲೂ ಇಲ್ಲ. ಅದನ್ನು ಮಾಲೀಕರೇ ಹೇಳಬೇಕು. ಕಾರ್ಯತಂತ್ರ ಹುಟ್ಟುವುದು ಅಲ್ಲಿಂದ.

ಇಂಥ ಏಜೆಂಟ್‌ಗಳಿಗೆ ಬೇಕಾದ ಮಾಹಿತಿಯ ತಳಹದಿ ಕರ್ನಾಟಕದಲ್ಲಿ ಉಂಟು. 2014ರಲ್ಲಿ ರಾಜ್ಯ ಸರ್ಕಾರ ಸರಕು ವಿನಿಮಯ ಕೇಂದ್ರವಾದ ಎನ್‌ಸಿಡಿಇಎಕ್ಸ್‌ನ ಅಂಗಸಂಸ್ಥೆಯೊಡನೆ ಸೇರಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಕಟ್ಟಿ, ಎಪಿಎಂಸಿಗಳನ್ನು ಆನ್‌ಲೈನ್ ಹರಾಜಿಗೆ ತಂದಿತು. ರಾಜ್ಯದ ಕೃಷಿ ಬೆಲೆ ಆಯೋಗ 2017ರಲ್ಲಿ ಬೆಲೆ ಮುನ್ನೋಟಕ್ಕಾಗಿ ಮೈಕ್ರೊಸಾಫ್ಟ್ ಜೊತೆ ಒಪ್ಪಂದ ಮಾಡಿಕೊಂಡಿತು. ದರ, ಆವಕ, ವಹಿವಾಟಿನ ದಾಖಲೆ ಕ್ರಮವಾಗಿದ್ದರೆ ಮಾತ್ರ ಏಜೆಂಟ್‌ಗೆ ಕಣ್ಣು ಬರುತ್ತದೆ. ಚೀಟಿಯಲ್ಲಿ ಬರೆದು ಮರೆತ ಲೆಕ್ಕದಿಂದ ಯಾವ ಬುದ್ಧಿಯೂ ಹೊರಡದು.

ಯಾರ ಪರ?

ಮಂಡಿಯ ದಲ್ಲಾಳಿಯ ಬಗ್ಗೆ ನಮ್ಮ ರೈತರು ಕೇಳುವ ಮೊದಲ ಪ್ರಶ್ನೆ: ಇವನು ನಮ್ಮ ಪರವೋ, ಕೊಳ್ಳುವವರ ಪರವೋ? ಸಾಫ್ಟ್‌ವೇರ್ ಏಜೆಂಟ್‌ಗೂ ಅದೇ ಪ್ರಶ್ನೆ ಹಾಕಬೇಕು. ಅದನ್ನು ಮಾರುವ ಕಂಪನಿ ಸೀರೆ ಕೊಳ್ಳುವ ಜಾಲತಾಣವನ್ನೂ ನಡೆಸುತ್ತಿದ್ದರೆ ಏಜೆಂಟ್ ಹೇಳುವ ಬೆಲೆ ಯಾರಿಗೆ ಅನುಕೂಲ?

ಹೊಣೆಯೂ ಅಷ್ಟೇ ಮುಖ್ಯ. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಸಂಸ್ಥೆಯ ಷೇರು ವಹಿವಾಟಿನ ಸಾಫ್ಟ್‌ವೇರ್ ದಾರಿತಪ್ಪಿ, ಮುಕ್ಕಾಲು ಗಂಟೆಯಲ್ಲಿ ಸುಮಾರು 44 ಕೋಟಿ ಡಾಲರ್ ಕರಗಿಹೋಯಿತು. 2024ರಲ್ಲಿ ಕೆನಡಾದ ನ್ಯಾಯಮಂಡಳಿಯೊಂದು, ಏರ್ ಕೆನಡಾದ ಚಾಟ್‌ಬಾಟ್ ಪ್ರಯಾಣಿಕನಿಗೆ ಕೊಟ್ಟ ತಪ್ಪು ಮಾಹಿತಿಗೆ ಕಂಪನಿಯೇ ಹೊಣೆ ಎಂದಿತು. ಯಂತ್ರ ಹೇಳಿದ್ದು ಎಂಬ ನೆಪ ಅಲ್ಲಿ ನಡೆಯಲಿಲ್ಲ. ಇಲ್ಲಿಯೂ ನಡೆಯಬಾರದು.

ಏಜೆಂಟ್‌ಗೆ ಕೆಲಸ ಒಪ್ಪಿಸುವ ಮುನ್ನ

• ಗುರಿಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಬರೆಯಲಾಗದ ಗುರಿಯನ್ನು ಒಪ್ಪಿಸಬೇಡಿ.
• ಎಷ್ಟು ರೂಪಾಯಿವರೆಗೆ ಅದು ತಾನೇ ತೀರ್ಮಾನಿಸಬಹುದು, ಎಲ್ಲಿಂದ ನಿಮ್ಮನ್ನು ಕೇಳಬೇಕು ಎಂದು ಗೆರೆ ಎಳೆಯಿರಿ.
• ಮೊದಲ ಹಂಗಾಮಿನಲ್ಲಿ ಸಲಹೆ ಮಾತ್ರ ಪಡೆಯಿರಿ. ನಿಮ್ಮ ತೀರ್ಮಾನದೊಡನೆ ಹೋಲಿಸಿ ನೋಡಿ.
• ಪ್ರತಿ ಹೆಜ್ಜೆಯ ಕಾರಣ ದಾಖಲಾಗಲಿ. ತಕ್ಷಣ ನಿಲ್ಲಿಸುವ ದಾರಿ ನಿಮ್ಮ ಕೈಯಲ್ಲಿರಲಿ.
• ಗ್ರಾಹಕರ, ಕೆಲಸಗಾರರ ವಿವರ ಎಲ್ಲಿ ಉಳಿಯುತ್ತದೆ ಎಂದು ಕೇಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಹೊಣೆ ನಿಮ್ಮ ಮೇಲೂ ಬರುತ್ತದೆ.

ಸಣ್ಣ ಉದ್ದಿಮೆಯೊಂದು ಒಬ್ಬಂಟಿಯಾಗಿ ಇದನ್ನೆಲ್ಲ ಮಾಡುವುದು ಕಷ್ಟ. ನೇಕಾರರ ಸಹಕಾರ ಸಂಘಗಳು, ರೈತ ಉತ್ಪಾದಕ ಕಂಪನಿಗಳು, ಹಾಲಿನ ಸಂಘಗಳು ಒಟ್ಟಾಗಿ ಕನ್ನಡ ಬಲ್ಲ, ತಮಗೇ ನಿಷ್ಠವಾದ ಏಜೆಂಟ್‌ಗಳನ್ನು ಇಟ್ಟುಕೊಳ್ಳಬಹುದು. ಸಹಕಾರದ ಅಭ್ಯಾಸ ಈ ನೆಲದಲ್ಲಿ ಮೊದಲಿನಿಂದಲೂ ಇದೆ. ತಂತ್ರಜ್ಞಾನದ ರಾಜಧಾನಿ ಕೂಗಳತೆಯಲ್ಲಿದೆ. ಇವೆರಡನ್ನೂ ಬೆಸೆಯುವ ಕೆಲಸಕ್ಕೆ ಜಿಲ್ಲಾ ಕೈಗಾರಿಕಾ ಕೇಂದ್ರವೂ ಇಲ್ಲಿನ ಎಂಜಿನಿಯರಿಂಗ್ ಕಾಲೇಜುಗಳೂ ಈಗಲೇ ಕೈಹಾಕಬೇಕು. ತಡಮಾಡಿದರೆ ನಮ್ಮ ಹೂವಿನ, ನಮ್ಮ ಸೀರೆಯ ಬೆಲೆಯನ್ನು ಬೇರೆಯವರ ಏಜೆಂಟ್‌ಗಳೇ ಕಟ್ಟುತ್ತವೆ.